ನಂಬರ್ ಇದ್ರೆ ಸಾಲದು, ಸರದಿ ಬೇಕು

ಮೊನ್ನೆ ಓಎಸ್ ಲ್ಯಾಬ್‌ನಲ್ಲಿ ನಾವು ಒಂದು ಸಿ ಪ್ರೋಗ್ರಾಮ್‌ನಲ್ಲಿ ಎರಡು ಥ್ರೆಡ್ ಓಡಿಸಿದ್ವಿ. ಗೆಟ್‌ಪಿಐಡಿ ಕರೆದರೆ ಎರಡಕ್ಕೂ ಒಂದೇ ನಂಬರ್ ಬಂತು. ಲಿನಕ್ಸ್‌ನ ಗೆಟ್‌ಟಿಐಡಿ ಕರೆದಾಗ ಬೇರೆ ಬೇರೆ ಬಂತು. ಯಾರು ಯಾರು ಅಂತ ಗೊತ್ತಾಯ್ತಲ್ಲ, ಕೆಲಸ ಮುಗೀತು ಅಂದ್ಕೊಂಡ್ವಿ. ಆದ್ರೆ ಎರಡೂ ಸೇರಿ ಒಂದೇ ಕೌಂಟರನ್ನು ತಲಾ 1 ಲಕ್ಷ ಸಲ ಏರಿಸಿದರೂ 2 ಲಕ್ಷ ಬರಲೇ ಇಲ್ಲ. ಗುರುತು ಇತ್ತು, ಸರದಿ ಇರಲಿಲ್ಲ. ಆ ಸರದಿಗೆ ದಾರಿ ತೋರಿಸಿದವರು ಡೈಕ್‌ಸ್ಟ್ರಾ.

ಎಡ್ಸ್‌ಖರ್ ಡೈಕ್‌ಸ್ಟ್ರಾ ಹುಟ್ಟಿದ್ದು 1930ರಲ್ಲಿ, ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ. ಲೈಡನ್‌ನಲ್ಲಿ ಫಿಸಿಕ್ಸ್ ಓದುತ್ತಿದ್ದಾಗಲೇ, 1952ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮರ್ ಆದರು. ನಾವೆಲ್ಲ ಓದೋ ಶಾರ್ಟೆಸ್ಟ್ ಪಾತ್ ಅಲ್ಗಾರಿದಮ್ ಅವರಿಗೆ ಹೊಳೆದದ್ದು 1956ರಲ್ಲಿ ಒಂದು ಕೆಫೆಯಲ್ಲಿ, ಪೆನ್ನು ಪೇಪರ್ ಇಲ್ಲದೆ, ಸುಮಾರು 20 ನಿಮಿಷದಲ್ಲಿ. ಮರುವರ್ಷ ಮದುವೆ. ವೃತ್ತಿ ಪ್ರೋಗ್ರಾಮರ್ ಅಂತ ಹೇಳಿದರೆ ನಗರದ ಅಧಿಕಾರಿಗಳು ಒಪ್ಪಲಿಲ್ಲ, ಅಂಥ ವೃತ್ತಿಯೇ ಇಲ್ಲವಂತೆ! ದಾಖಲೆಯಲ್ಲಿ ಭೌತವಿಜ್ಞಾನಿ ಅಂತಲೇ ಬಂತು.

1962ರಲ್ಲಿ ಐಂಡ್‌ಹೋವನ್‌ನಲ್ಲಿ ಪ್ರೊಫೆಸರ್ ಆದರು. ಅಲ್ಲಿ ಒಂದು ಸಣ್ಣ ತಂಡ ಕಟ್ಟಿಕೊಂಡು, ಒಂದೇ ಯಂತ್ರದಲ್ಲಿ ಹಲವು ಕೆಲಸ ನಡೆಸುವ ಆಪರೇಟಿಂಗ್ ಸಿಸ್ಟಮ್ ಮಾಡಿದರು. ಅದರೊಳಗಿನ ಕೆಲಸಗಳು ಒಂದರ ಮೇಲೊಂದು ಬೀಳದ ಹಾಗೆ ನೋಡಿಕೊಂಡದ್ದು ಅವರ ಸೆಮಫೋರ್. ಅದು ಬರೀ ಒಂದು ಸಂಖ್ಯೆ. ಒಳಗೆ ಹೋಗುವವರು ಅದರಿಂದ ಒಂದು ಕಳೆಯಬೇಕು, ಸೊನ್ನೆ ಇದ್ದರೆ ಕಾಯಬೇಕು. ಹೊರಗೆ ಬರುವಾಗ ಒಂದು ಕೂಡಿಸಬೇಕು. ಒಳಗೆ ಹೋದ ಥ್ರೆಡ್‌ನ ನಂಬರ್ ಏನು ಅಂತ ಸೆಮಫೋರ್ ಕೇಳುವುದೇ ಇಲ್ಲ.

1972ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. 1984ರಲ್ಲಿ ಅಮೆರಿಕದ ಆಸ್ಟಿನ್‌ಗೆ ಹೋಗಿ ಅಲ್ಲೇ ಪಾಠ ಮಾಡಿದರು. ಕಂಪ್ಯೂಟರ್ ವಿಜ್ಞಾನಿಯಾದರೂ ಫೌಂಟನ್ ಪೆನ್ನಿನಲ್ಲೇ ಬರೆಯೋ ಅಭ್ಯಾಸ ಬಿಡಲಿಲ್ಲ. ಅವರು ಬರೆದು ಹಂಚಿದ ಟಿಪ್ಪಣಿಗಳು 1300ಕ್ಕೂ ಹೆಚ್ಚು. 2002ರ ಆಗಸ್ಟ್ 6ರಂದು ತಮ್ಮ ದೇಶದಲ್ಲೇ, ನ್ಯೂನೆನ್‌ನಲ್ಲಿ ತೀರಿಕೊಂಡರು.

ನಾವು ಕೌಂಟರ್‌ನ ಮುಂದೆ ಸೆಮ್‌ ವೇಟ್, ಹಿಂದೆ ಸೆಮ್‌ ಪೋಸ್ಟ್ ಹಾಕಿ ಮತ್ತೆ ಓಡಿಸಿದ್ವಿ. ಸ್ವಲ್ಪ ನಿಧಾನ ಆಯ್ತು, ಆದ್ರೆ ಸರಿಯಾಗಿ 2 ಲಕ್ಷ ಬಂತು. ವೃತ್ತಿಗೇ ಹೆಸರಿಲ್ಲದ ಕಾಲದಲ್ಲಿ ಆ ವೃತ್ತಿ ಹಿಡಿದವರು ಹೇಳಿಕೊಟ್ಟ ಪಾಠ ಇದು: ಒಟ್ಟಿಗೆ ಕೆಲಸ ಮಾಡೋಕೆ ಹೆಸರು ಗೊತ್ತಿದ್ರೆ ಸಾಲದು, ಒಬ್ಬರಿಗೊಬ್ಬರು ಕಾಯೋದೂ ಗೊತ್ತಿರಬೇಕು.