ದೀಪದಾಚೆಯ ನೈಟಿಂಗೇಲ್

ಪ್ರತಿವರ್ಷ ಮೇ 12ರಂದು ಶುಶ್ರೂಷಾ ಕಾಲೇಜುಗಳಲ್ಲಿ ದೀಪ ಬೆಳಗಿ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಸ್ಮರಿಸಲಾಗುತ್ತದೆ. ಗಾಯಾಳುಗಳ ಹಾಸಿಗೆಗಳ ನಡುವೆ ದೀಪ ಹಿಡಿದು ನಡೆದ ಕರುಣಾಮಯಿಯ ಚಿತ್ರ ಎಲ್ಲರಿಗೂ ಪರಿಚಿತ. ಆದರೆ ತೊಂಬತ್ತು ವರ್ಷಗಳ ಅವರ ಬದುಕಿನಲ್ಲಿ ಆ ಅಧ್ಯಾಯ ಎರಡು ವರ್ಷಕ್ಕೂ ಕಡಿಮೆ. ಅನಂತರದ ಬದುಕಿನ ಬಹುಪಾಲನ್ನು ಅವರು ಕಳೆದದ್ದು ವರದಿಗಳನ್ನು ಹುಡುಕಿ ತರಿಸುವುದರಲ್ಲಿ, ಓದುವುದರಲ್ಲಿ, ಅವುಗಳ ಸತ್ಯಾಸತ್ಯತೆ ಪರಿಶೀಲಿಸುವುದರಲ್ಲಿ.

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಶ್ರೀಮಂತ ಆಂಗ್ಲ ಕುಟುಂಬವೊಂದರಲ್ಲಿ ಜನಿಸಿದ ಅವರಿಗೆ ತಂದೆಯೇ ಗುರು. ದಾದಿಯ ವೃತ್ತಿ ಮರ್ಯಾದಸ್ಥರಿಗೆ ಸಲ್ಲದೆಂದು ಮನೆಯವರು ತಡೆದರು. ತರಬೇತಿಯ ಬಾಗಿಲು ಮುಚ್ಚಿದ್ದ ಆ ವರ್ಷಗಳಲ್ಲಿ ಅವರು ಮುಂಜಾನೆ ಎದ್ದು ಆಸ್ಪತ್ರೆಗಳ ವರದಿಗಳನ್ನು, ಸರಕಾರಿ ದಾಖಲೆಗಳನ್ನು ಓದಿ ಟಿಪ್ಪಣಿ ಮಾಡಿಕೊಂಡರು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ದೊರೆಯಿತು.

1854ರ ನವೆಂಬರ್‌ನಲ್ಲಿ, ಕ್ರಿಮಿಯಾ ಯುದ್ಧದ ಸಂದರ್ಭದಲ್ಲಿ, 38 ದಾದಿಯರೊಂದಿಗೆ ಅವರು ತುರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆ ತಲುಪಿದರು. ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ಕಾಲರಾ, ಆಮಶಂಕೆ, ಜ್ವರಗಳಿಂದ ಸಾಯುತ್ತಿದ್ದರು. ಅವರೇ ಮುಂದೆ ಬಳಸಿದ ಅಂಕಿಗಳ ಪ್ರಕಾರ 1855ರ ಫೆಬ್ರವರಿಯಲ್ಲಿ ನೂರಕ್ಕೆ 42ರಷ್ಟಿದ್ದ ಮರಣ ಪ್ರಮಾಣ, ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ಶುದ್ಧಗೊಳಿಸಿ ಗಾಳಿ ಬೆಳಕಿಗೆ ದಾರಿ ಮಾಡಿದ ಮೇಲೆ, ಜೂನ್ ವೇಳೆಗೆ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

ಆಹಾರ ಮತ್ತು ಸಾಮಗ್ರಿಗಳ ಕೊರತೆಯೇ ಸಾವುಗಳಿಗೆ ಮುಖ್ಯ ಕಾರಣವೆಂದು ಅವರು ಆರಂಭದಲ್ಲಿ ನಂಬಿದ್ದರು. ಸ್ವದೇಶಕ್ಕೆ ಮರಳಿದ ಬಳಿಕ ಸಂಖ್ಯಾತಜ್ಞ ವಿಲಿಯಂ ಫಾರ್ ಅವರೊಡನೆ ದಾಖಲೆಗಳನ್ನು ತುಲನೆ ಮಾಡಿದಾಗ ಆ ನಂಬಿಕೆ ಸಡಿಲವಾಯಿತೆಂದು ಕೆಲವು ಜೀವನಚರಿತ್ರಕಾರರು ಅಭಿಪ್ರಾಯಪಡುತ್ತಾರೆ. ತಾವೇ ದುಡಿದ ಆಸ್ಪತ್ರೆಯ ಕೊಳಕು ಅಷ್ಟು ಜೀವಗಳನ್ನು ಬಲಿ ತೆಗೆದುಕೊಂಡಿತೆಂಬುದು ಕಹಿಯಾದ ಸತ್ಯವಾಗಿತ್ತು. ಅದನ್ನು ಮುಚ್ಚಿಡದೆ, 1858ರಲ್ಲಿ ಪ್ರಸಿದ್ಧವಾದ ವರ್ತುಲಾಕಾರದ ನಕ್ಷೆಗಳ ಮೂಲಕ ಅಧಿಕಾರಸ್ಥರ ಮುಂದಿಟ್ಟರು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು.

ಭಾರತಕ್ಕೆ ಅವರು ಎಂದೂ ಬರಲಿಲ್ಲ. ಆದರೂ 1859ರಲ್ಲಿ ನೇಮಕಗೊಂಡ ರಾಯಲ್ ಆಯೋಗದ ಕಾರ್ಯಕ್ಕಾಗಿ ಇಲ್ಲಿನ ಸೇನಾ ಠಾಣ್ಯಗಳಿಗೆ ಪ್ರಶ್ನಾವಳಿ ಕಳುಹಿಸಿ, ಬಂದ ಉತ್ತರಗಳ ರಾಶಿಯನ್ನು ವಿಶ್ಲೇಷಿಸಿದರು. ಇಲ್ಲಿನ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದುದನ್ನು 1863ರ ವರದಿ ಬೆಳಕಿಗೆ ತಂದಿತು.

ಅಂಕಿಗಳು ಎಡವಿಸಬಲ್ಲವು ಎಂಬುದಕ್ಕೂ ಅವರ ಬದುಕೇ ಸಾಕ್ಷಿ. 1863ರಲ್ಲಿ ಪರಿಷ್ಕೃತವಾಗಿ ಹೊರಬಂದ ಆಸ್ಪತ್ರೆಗಳ ಕುರಿತ ಪುಸ್ತಕದಲ್ಲಿ ಫಾರ್ ಅವರ ಕೋಷ್ಟಕವೊಂದನ್ನು ಬಳಸಿದರು. ಲಂಡನ್ನಿನ 24 ಆಸ್ಪತ್ರೆಗಳ ಮರಣ ಪ್ರಮಾಣ ಅದರಲ್ಲಿ ನೂರಕ್ಕೆ 90! ಇಡೀ ವರ್ಷದ ಸಾವುಗಳನ್ನು ಒಂದೇ ದಿನ ದಾಖಲಾಗಿದ್ದ ರೋಗಿಗಳ ಸಂಖ್ಯೆಯಿಂದ ಭಾಗಿಸಿದ ಫಲ ಅದು. ಉದಾಹರಣೆಗೆ, ದಿನಕ್ಕೆ 100 ರೋಗಿಗಳಿರುವ ಆಸ್ಪತ್ರೆ ವರ್ಷದಲ್ಲಿ 1000 ಮಂದಿಗೆ ಚಿಕಿತ್ಸೆ ನೀಡಿ 90 ಸಾವು ಕಂಡರೆ, ಒಂದು ಲೆಕ್ಕದಲ್ಲಿ ಪ್ರಮಾಣ ನೂರಕ್ಕೆ 90, ಇನ್ನೊಂದರಲ್ಲಿ ಕೇವಲ 9. ವೈದ್ಯರು ತೀವ್ರವಾಗಿ ಖಂಡಿಸಿದರು.

1871ರ ಪುಸ್ತಕದಲ್ಲಿ ಎಚ್ಚರಿಕೆ ಎದ್ದು ಕಾಣುತ್ತದೆ. ಅವರ ಹೆಸರಿನ ನಿಧಿಯ ನೆರವಿನಿಂದಲೇ ನಡೆಯುತ್ತಿದ್ದ ಹೆರಿಗೆ ವಾರ್ಡ್ ಬಾಣಂತಿಯರ ಸಾವುಗಳಿಂದಾಗಿ ಮುಚ್ಚಲ್ಪಟ್ಟಿತ್ತು. ಅವರು ಹಲವೆಡೆಗಳ ದಾಖಲೆಗಳನ್ನು ಸಂಗ್ರಹಿಸಿ, ಅವುಗಳಲ್ಲಿನ ಕೊರತೆಗಳನ್ನೂ ಹೇಳಿ, ಆಸ್ಪತ್ರೆಗಿಂತ ಮನೆಯ ಹೆರಿಗೆಯಲ್ಲಿ ಸಾವು ಕಡಿಮೆಯೆಂದು ತೋರಿಸಿದರು.

1910ರ ಆಗಸ್ಟ್ 13ರಂದು ಅವರು ನಿಧನರಾದರು. ಅವರು ವರದಿಗಾಗಿ ತಿಂಗಳುಗಟ್ಟಲೆ ಕಾಯಬೇಕಿತ್ತು. 1996ರಲ್ಲಿ ಆರಂಭವಾದ ಪಬ್‌ಮೆಡ್ ಇಂದು ವಿದ್ಯಾರ್ಥಿಗೆ ಕ್ಷಣದಲ್ಲಿ ಸಾವಿರಾರು ಪ್ರಬಂಧಗಳ ಪಟ್ಟಿ ನೀಡುತ್ತದೆ. ಹುಡುಕುವ ಶ್ರಮ ತಗ್ಗಿದೆ, ಅಳೆಯುವ ಹೊಣೆ ತಗ್ಗಿಲ್ಲ. ಎಷ್ಟು ಜನರಲ್ಲಿ ಎಷ್ಟು, ಯಾರಿಗೆ ಹೋಲಿಸಿ, ದಾಖಲಾಗದೆ ಉಳಿದದ್ದೇನು ಎಂಬ ಪ್ರಶ್ನೆಗಳನ್ನು ಪ್ರತಿ ಪ್ರಬಂಧಕ್ಕೂ ಕೇಳಬೇಕು. ಉತ್ತರವು ತನ್ನ ವಾರ್ಡಿನ ರೂಢಿಗೆ ವಿರುದ್ಧವಾದರೂ ಸ್ವೀಕರಿಸಬೇಕು. ಮೇ 12ರ ದೀಪಕ್ಕೆ ಅದಕ್ಕಿಂತ ಮಿಗಿಲಾದ ಎಣ್ಣೆಯಿಲ್ಲ.