ಶ್ರೀರಂಗಪಟ್ಟಣದ ಅಬ್ಬೆ

ಫ್ರೆಂಚರಿಗೆ ಅಬ್ಬೆ ಎಂದರೆ ಗುರು, ಕನ್ನಡದಲ್ಲಿ ತಾಯಿ. ಅಬ್ಬೆ ದುಬ್ವಾ ಎರಡೂ ಆಗಿದ್ದರು. 1792ರಲ್ಲಿ ಗುರುದೀಕ್ಷೆ ಪಡೆದು ಭಾರತಕ್ಕೆ ಹೊರಟ ಅವರು, 1799ರಲ್ಲಿ ಟಿಪ್ಪು ಮಡಿದ ಬಳಿಕ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ನಮ್ಮವರಂತೆಯೇ ಉಟ್ಟರು, ಉಂಡರು. ಹಾಸನದ ಕಡೆ ಬಡವರಿಗೆ ಬೇಸಾಯದ ನೆಲೆ ಕಲ್ಪಿಸಿದರು. 1803-04ರಲ್ಲಿ 25,432 ಜನರಿಗೆ ಸಿಡುಬಿನ ದಾಕು ಹಾಕಿಸಿದರು.

31 ವರ್ಷ ದುಡಿದರೂ, 1823ರಲ್ಲಿ ಫ್ರಾನ್ಸಿಗೆ ಮರಳುವಾಗ ತಮ್ಮ ಸೇವೆ ಫಲಿಸಲಿಲ್ಲವೆಂದೇ ನೊಂದಿದ್ದರು. 1848ರಲ್ಲಿ ಪ್ಯಾರಿಸ್ಸಿನಲ್ಲಿ ದೈವಾಧೀನರಾದರು. ಗಂಜಾಂನಲ್ಲಿ ಅವರು ಕಟ್ಟಿಸಿದ ದೇವಾಲಯ ಇಂದಿಗೂ ನಿಂತಿದೆ.

ಮಕ್ಕಳು, ಮೊಮ್ಮಕ್ಕಳು ಜಪ ಮರೆತರೆಂದು ಕೊರಗುವ ತಾಯಂದಿರೇ, ಅಜ್ಜಿಯರೇ, ಎದೆಗುಂದಬೇಡಿ. ಬಿತ್ತಿದ ಕೈಗೇ ಕೊಯ್ಲು ಕಾಣಬೇಕೆಂದಿಲ್ಲ. ನೀವು ಬಿತ್ತುತ್ತಿರಿ, ಬೆಳೆಸುವವನು ದೇವರು.