ಸರ್ ಡೊನಾಲ್ಡ್ ಬ್ರಾಡ್‌ಮನ್ ಮತ್ತು ಅವರ ಬ್ಯಾಟಿನ ಹಿಡಿತ

ಸಂಜೆಯ ವೇಳೆ ಕಿದ್ವಾಯಿ ನಗರದಲ್ಲಿ ಬ್ಯಾಟು ಹಿಡಿದು ನಿಲ್ಲುವ ನಮ್ಮ ಮಿತ್ರರ ಕಣ್ಣೆಲ್ಲ ಚೆಂಡಿನ ಮೇಲೆ. ತಮ್ಮ ಕೈಗಳನ್ನು ನೋಡಿಕೊಳ್ಳುವವರು ವಿರಳ. ಆದರೆ ಬ್ಯಾಟು ಬೀಸುವ ದಾರಿಯನ್ನು ಮೊದಲು ನಿರ್ಣಯಿಸುವುದು ಕೈಗಳ ಹಿಡಿತವೇ. ಸರ್ ಡೊನಾಲ್ಡ್ ಬ್ರಾಡ್‌ಮನ್ನರ ಜೀವನವು ಇದಕ್ಕೆ ಉತ್ತಮ ನಿದರ್ಶನ.

ಅವರು 1908ನೆಯ ಇಸವಿ ಆಗಸ್ಟ್ 27ರಂದು ಆಸ್ಟ್ರೇಲಿಯದ ಕೂಟಮಂಡ್ರದಲ್ಲಿ ಜನಿಸಿ, ಬೌರಲ್ ಎಂಬ ಸಣ್ಣ ಪಟ್ಟಣದಲ್ಲಿ ಬೆಳೆದರು. ಮನೆಯ ಹಿಂದೆ ಇಟ್ಟಿಗೆಯ ಕಟ್ಟೆಯ ಮೇಲೆ ನೀರಿನ ತೊಟ್ಟಿಯೊಂದಿತ್ತು. ಬಾಲಕ ಡಾನ್ ಗಾಲ್ಫ್ ಚೆಂಡನ್ನು ಆ ಕಟ್ಟೆಗೆಸೆದು, ಅದು ಪುಟಿದು ಬರುವಾಗ ವಿಕೆಟ್ಟಿನ ಗೂಟವೊಂದರಿಂದ ಹೊಡೆಯುತ್ತಿದ್ದನು. ಕಲಿಸುವ ಗುರುವಿಲ್ಲದೆ, ಆ ಕೈಗಳು ತಮಗೊಪ್ಪುವ ಹಿಡಿತವನ್ನು ತಾವೇ ಕಂಡುಕೊಂಡವು.

ಸಾಮಾನ್ಯವಾಗಿ ಕಲಿಸುವ ಹಿಡಿತದಿಂದ ಬ್ಯಾಟು ನೇರವಾಗಿ ಹಿಂದಕ್ಕೇರಿ ನೇರವಾಗಿಯೇ ಮುಂದೆ ಬರುತ್ತದೆ. ಬ್ರಾಡ್‌ಮನ್ನರ ಕೈಗಳಾದರೋ ಹಿಡಿಯ ಸುತ್ತ ಇನ್ನಷ್ಟು ತಿರುಗಿರುತ್ತಿದ್ದವು. ಎಡ ಮಣಿಕಟ್ಟು ಹಿಡಿಯ ಹಿಂದಿರುತ್ತಿತ್ತು. ಬ್ಯಾಟಿನ ಮುಖವು ಅವರ ಪಾದಗಳ ಕಡೆಗೆ ಮುಚ್ಚಿದಂತಿರುತ್ತಿತ್ತು. ಆದಕಾರಣ ಬ್ಯಾಟು ಸ್ಲಿಪ್ಪಿನ ಕಡೆಗೆ ಓರೆಯಾಗಿ ಏರಿ, ಕಮಾನಿನಂತೆ ಸುತ್ತಿ ಇಳಿಯುತ್ತಿತ್ತು. ಹುಕ್, ಪುಲ್ ಹೊಡೆತಗಳಲ್ಲಿ ಮಣಿಕಟ್ಟುಗಳು ಹೊರಳಿ ಚೆಂಡನ್ನು ನೆಲಕ್ಕೆ ಅದುಮುತ್ತಿದ್ದವು. ಕ್ಯಾಚಿನ ಭಯ ಕಡಮೆ. ಆಫ್ ಬದಿಯ ಡ್ರೈವಿಗೆ ಮಾತ್ರ ಕೊಂಚ ಅಡ್ಡಿ.

1928ರಲ್ಲಿ ಬ್ರಿಸ್ಬೇನಿನ ಮೊದಲ ಟೆಸ್ಟಿನಲ್ಲಿ ಅವರು ಗಳಿಸಿದ್ದು 18 ಮತ್ತು 1. ಮುಂದಿನ ಪಂದ್ಯದಲ್ಲಿ ಅವರಿಗೆ ಸ್ಥಾನ ದೊರೆಯಲಿಲ್ಲ. ಮರಳಿ ಬಂದು ಶತಕ ಬಾರಿಸಿದರೂ, ಈ ಓರೆ ಬ್ಯಾಟು ಇಂಗ್ಲೆಂಡಿನ ಪಿಚ್ಚುಗಳಲ್ಲಿ ಸಾಗದೆಂದು ವಿಮರ್ಶಕರು ಸಂಶಯಪಟ್ಟರು. ಬ್ರಾಡ್‌ಮನ್ನರು ಆ ಮಾತನ್ನು ತಳ್ಳಿಹಾಕಲಿಲ್ಲ. ಬೇರೆ ಹಿಡಿತವನ್ನು ಪ್ರಯೋಗಿಸಿ, ಲಾಭನಷ್ಟಗಳನ್ನು ತೂಗಿ, ತಮ್ಮದೇ ಮೇಲೆಂದು ನಿಶ್ಚಯಿಸಿದರು. 1930ರ ಇಂಗ್ಲೆಂಡ್ ಪ್ರವಾಸದ 5 ಟೆಸ್ಟುಗಳಲ್ಲಿ 974 ರನ್ನುಗಳು ಬಂದವು. ಲೀಡ್ಸಿನ 334ರಲ್ಲಿ 309 ಒಂದೇ ದಿನದ ಗಳಿಕೆ!

1947ರಲ್ಲಿ ಲಾಲಾ ಅಮರನಾಥರ ನಾಯಕತ್ವದ ಭಾರತ ತಂಡವು ಆಸ್ಟ್ರೇಲಿಯಕ್ಕೆ ಹೋದಾಗ ಬ್ರಾಡ್‌ಮನ್ನರಿಗೆ 39 ವರ್ಷ. ಸಿಡ್ನಿಯಲ್ಲಿ ನಮ್ಮವರೆದುರಿಗೇ ಅವರು ಪ್ರಥಮ ದರ್ಜೆಯ 100ನೆಯ ಶತಕವನ್ನು ಪೂರೈಸಿದರು. ಆ ಟೆಸ್ಟು ಸರಣಿಯಲ್ಲಿ 715 ರನ್ನು ಗಳಿಸಿದರು.

1948ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಕೊನೆಯ ಬಾರಿ ಬ್ಯಾಟು ಹಿಡಿದಾಗ, ಟೆಸ್ಟು ಸರಾಸರಿ 100 ಆಗಲು 4 ರನ್ನು ಸಾಕಿತ್ತು. ಸೊನ್ನೆಗೆ ಔಟಾದರು, ಸರಾಸರಿ 99.94ಕ್ಕೆ ನಿಂತಿತು. 6996 ಟೆಸ್ಟು ರನ್ನುಗಳಲ್ಲಿ ಸಿಕ್ಸರುಗಳು 6 ಮಾತ್ರ! ಚೆಂಡನ್ನು ನೆಲಕ್ಕದುಮುವ ಆ ಹಿಡಿತಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? 1949ರಲ್ಲಿ ಅವರು ಸರ್ ಪದವಿಯನ್ನು ಪಡೆದರು. 2001ರ ಫೆಬ್ರವರಿ 25ರಂದು ತಮ್ಮ 92ನೆಯ ವಯಸ್ಸಿನಲ್ಲಿ ಅಡಿಲೇಡಿನಲ್ಲಿ ನಿಧನ ಹೊಂದಿದರು.

ವಿದ್ಯಾರ್ಥಿ ಮಿತ್ರರೇ, ಬ್ರಾಡ್‌ಮನ್ನರ ಹಿಡಿತವನ್ನು ಅನುಕರಿಸಿದ ಮಾತ್ರಕ್ಕೆ ಅವರ ಆಟ ಬಾರದು. ಕೈಗಳನ್ನು ಸ್ವಲ್ಪ ತಿರುಗಿಸಿ ಹಿಡಿದು ಹೊಡೆಯಿರಿ. ಚೆಂಡು ಎತ್ತ ಹೋಯಿತು, ನೆಲದ ಮೇಲೋ ಗಾಳಿಯಲ್ಲೋ ಎಂಬುದನ್ನು ಗಮನಿಸಿರಿ. ಹೀಗೆ ಪರೀಕ್ಷಿಸಿ ನೋಡಿದ ಬಳಿಕ ಆರಿಸಿಕೊಂಡ ಹಿಡಿತವೇ ನಿಮ್ಮದು.